ನಾಲ್ಕನೇ ಸಾಲು

"ಹಳೇ ಡಬ್ಬ ಕೈಕೊಟ್ಟಿತ್ತಕ್ಕಾ. ಹೊಸದು ಹಾಕಿದೀನಿ. ಇನ್ಮೇಲೆ ನಿಮ್ಮ ನೆಟ್ಟು ರೇಸ್ ಕುದುರೆ," ಎನ್ನುತ್ತಾ ಲೈನ್‌ಮನ್ ಕುರ್ಚಿಯಿಂದ ಇಳಿದ.

ತರಕಾರಿ ಚೀಲ ಹಿಡಿದುಕೊಂಡೇ ಅವಳು ಬಾಗಿಲಲ್ಲಿ ನಿಂತುಬಿಟ್ಟಳು.

"ಯಾರು ಕರೆಸಿದ್ದು?"

"ನಾನೇ ಕಣೇ," ಎಂದರು ಅತ್ತೆ, ಟೀವಿಯಿಂದ ಕಣ್ಣು ಕೀಳದೆ. "ಧಾರಾವಾಹೀಲಿ ಅವಳು ಬಾಯಿ ತೆಗೆಯೋದು, ಚಕ್ರ ತಿರುಗೋದು. ಇದೇ ಆಯ್ತು. ನೀನೂ ಅದೇನೋ ಸರ್ವರ್ ಇಟ್ಕೊಂಡಿದೀನಿ ಅಂತೀಯ, ಒಂದು ಲೋಟ ನೀರು ತಂದುಕೊಟ್ಟಿದ್ದು ಕಾಣೆ."

ಲೈನ್‌ಮನ್ ನಕ್ಕ. ಅವಳಿಗೆ ನಗು ಬರಲಿಲ್ಲ. ಒಳಕೋಣೆಯ ಬೀರುವಿನ ಪಕ್ಕ, ಹಗಲೂ ರಾತ್ರಿ ಉರಿಯುತ್ತಿದ್ದ ಹಳೆಯ ಲ್ಯಾಪ್‌ಟಾಪೇ ಆ ಸರ್ವರ್. ಅದರಲ್ಲಿದ್ದದ್ದು ಒಂದೇ ಪುಟ. ಓದುವವರು ಇಬ್ಬರೇ, ಅವಳು ಮತ್ತು ದೂರದಲ್ಲಿದ್ದ ತಂಗಿ. ತಂಗಿಯ ಈಮೇಲು, ಮೆಸೇಜು, ಎಲ್ಲದರ ಕೀಲಿಯೂ ಅವಳ ಗಂಡನ ಕೈಯಲ್ಲಿ. ಆತ ಸ್ನಾನಕ್ಕೆ ಹೋದಾಗ ತಂಗಿ ಈ ಮನೆಯ ನೆಟ್ಟಿನ ವಿಳಾಸವನ್ನು, ನಡುವೆ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳನ್ನು, ಒತ್ತಿ, ಓದಿ, ಬರೆದು, ಸುಳಿವಿಲ್ಲದಂತೆ ಅಳಿಸಿಬಿಡುತ್ತಿದ್ದಳು. ಹೆಸರಿಟ್ಟರೆ ಯಾರ ಕಣ್ಣಿಗಾದರೂ ಬಿದ್ದೀತೆಂದು ಸಂಖ್ಯೆಯನ್ನೇ ಬಾಯಿಪಾಠ ಮಾಡಿಸಿದವಳು ಇವಳೇ.

ಬೆಳಿಗ್ಗೆ ತಂಗಿ ಬರೆದಿದ್ದಳು: 'ಇನ್ನು ಆಗಲ್ಲಕ್ಕಾ. ನಾಳೆ ಹೊರಡ್ತೀನಿ. ಎಲ್ಲಿಗೆ ಬರ್ಲಿ ಹೇಳು.' ತರಕಾರಿಗೆ ಹೋಗುವ ಮೊದಲು ಇವಳು ಉತ್ತರ ಬರೆದಿಟ್ಟಿದ್ದಳು.

ಒಳಗೆ ಓಡಿದಳು. ಉತ್ತರವನ್ನು ಯಾರೂ ತೆರೆದಿರಲಿಲ್ಲ. ವಿಳಾಸದ ಮೊದಲೆರಡು ಸಂಖ್ಯೆ ಹಾಗೇ ಇದ್ದವು, ಕೊನೆಯೆರಡು ಬದಲಾಗಿದ್ದವು.

"ನಂಗೆ ಹಳೇ ನಂಬರ್ರೇ ಬೇಕಿತ್ತು," ಎಂದಳು ಹೊರಗೆ ಬಂದು.

"ಅದು ಇಷ್ಟೊತ್ತಿಗೆ ಇನ್ಯಾರ ಮನೆಗೋ ಹೋಗಿರುತ್ತಕ್ಕಾ. ಮನೆ ಕನೆಕ್ಷನ್ ಅಂದ್ರೆ ಬಾಡಿಗೆ ಮನೆ ಇದ್ದಂಗೆ. ಖಾಯಂ ನಂಬರ್ ಬೇಕಂದ್ರೆ ಅಂಗಡಿ, ಆಫೀಸಿಗೆ ಕೊಡೋ ಪ್ಲಾನ್ ತಗೋಬೇಕು." ಅವನು ಹಳೆಯ ಡಬ್ಬವನ್ನು ಬ್ಯಾಗಿಗೆ ತುರುಕಿದ. "ಅಷ್ಟಕ್ಕೂ ನೆಟ್ಟಲ್ಲಿ ನಿಮ್ಮನೆ ಹುಡುಕ್ಕೊಂಡು ಯಾರು ಬರ್ತಾರೆ ಹೇಳಿ?"

ಅಡುಗೆಮನೆಗೆ ಹೋಗಿ ಫೋನ್ ಮಾಡಿದಳು. ಎತ್ತಿದ್ದು ತಂಗಿಯ ಗಂಡ.

"ಸ್ಪೀಕರ್ ಹಾಕಿದೀನಿ ಅತ್ತಿಗೆ, ಮಾತಾಡಿ. ನಮ್ಮನೇಲಿ ಗುಟ್ಟು ಗಿಟ್ಟು ಏನಿಲ್ಲ."

"ಚೆನ್ನಾಗಿದೀಯೇನೇ?"

"ಹ್ಞೂಂ ಕಣಕ್ಕಾ."

"ಅದೇ, ಸ್ವೆಟರ್ ಹೆಣೆಯೋಕೆ ಹೇಳ್ಕೊಟ್ಟಿದ್ನಲ್ಲ, ಲೆಕ್ಕ ತಪ್ಪಿತ್ತು ನೋಡು. ಮೊದಲೆರಡು ಸಾಲು ಹಾಗೇ ಇರ್ಲಿ. ಮೂರನೇ ಸಾಲಿಗೆ ಎಪ್ಪತ್ನಾಲ್ಕು ಕುಣಿಕೆ ಹಾಕು."

ತಂಗಿ ಹುಟ್ಟಿದಾಗಿನಿಂದ ಹೆಣಿಗೆ ಕಡ್ಡಿ ಮುಟ್ಟಿದವಳಲ್ಲ.

"ಸ್ವೆಟರ್ರಾ?" ಗಂಡ ನಕ್ಕ. "ಇವಳಿಗೆ ಒಂದು ಗುಂಡಿ ಹಚ್ಚೋಕೆ ಬರಲ್ಲ."

"ಎಪ್ಪತ್ನಾಲ್ಕು," ಎಂದಳು ತಂಗಿ, ನಿಧಾನವಾಗಿ. "ನಾಲ್ಕನೇ ಸಾಲಿಗೆ ಎಷ್ಟಕ್ಕಾ?"

"ಸಾಕು ಸಾಕು. ಊಟಕ್ಕೆ ಹೊತ್ತಾಯ್ತು, ಇಡ್ತೀನಿ ಅತ್ತಿಗೆ."

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಫೋನ್ ಕಟ್ಟಾದ ಮೇಲೂ, ಎದುರಿಗೆ ಕೂತವರಿಗೆ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳಿದಳು: "ನೂರಾ ಹದಿನೆಂಟು. ನೂರಾ ಹದಿನೆಂಟು ಕಣೇ."