ಹಂಡೆ ಒಲೆಗೆ ನೇರಳೆ ಸೌದೆ

ಮತ್ತೆ ಇಂಗಿನ ವಾಸನೆ, ಅಡುಗೆಮನೆಯಿಂದಲ್ಲ, ನಾನು ಒಗ್ಗರಣೆಗೆ ಇಂಗು ಹಾಕುವುದನ್ನೇ ಬಿಟ್ಟಿದ್ದೇನೆ, ಇದು ಹಿತ್ತಲ ಬಚ್ಚಲಿನ ಹಂಡೆ ಒಲೆಯಿಂದ, ಸೌದೆಯ ಹೊಗೆಯ ಜೊತೆ ಬರುತ್ತಿದೆ — ರಂಜನೀ, ನೀರು ಕಾದಿದೆ, ಬೆನ್ನಿಗೆ ಎಣ್ಣೆ ಹಚ್ಚು ಬಾ, ಗಂಡನ ದನಿ, ಶನಿವಾರದ ಎಣ್ಣೆಸ್ನಾನದ ದನಿ, ನೇರಳೆ ಸೌದೆ ಅಂದ್ರೆ ನೇರಳೆ ಸೌದೆ ಕಣೇ, ಕೆಂಡ ಹೆಂಗೆ ನಿಂತಿದೆ ನೋಡು — ನಿಲ್ಲದೆ ಏನು, ಪಕ್ಕದ ಮನೆಯ ಪುಷ್ಪಮೇರಿ ಆಂಟಿಯ ಮರ, ಅವರ ಯಜಮಾನರು ಸೂಸೈರಾಜ್ ಚರ್ಚಿನಲ್ಲಿ ಮಗಳ ಜ್ಞಾನಸ್ನಾನವಾದ ದಿನ ನೆಟ್ಟದ್ದು, ಯಜಮಾನರು ತೀರಿಕೊಂಡ ಮೇಲೆ ಆಂಟಿ ಅದರ ನೆರಳಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಹಣ್ಣು ಉದುರಿದರೆ ಗೋಡೆಯ ಮೇಲಿಂದ ನನಗೊಂದು ಬೋಗುಣಿ, ನಾಲಿಗೆ ನೇರಳೆ ಮಾಡಿಕೊಂಡು ಇಬ್ಬರೂ ನಗುತ್ತಿದ್ದೆವು, ಇವರಿಗೋ ನಮ್ಮ ಅಂಗಳದ ಬಿಳೀ ಟೈಲ್ಸಿನ ಮೇಲೆ, ಹೊಸ ಕಾರಿನ ಮೇಲೆ ಒಂದು ಕಲೆ ಬಿದ್ದರೂ ಆಗದು, ಬೆಳಗಾದರೆ ಬ್ರಶ್ಶು, ಫಿನಾಯಿಲು, ಥೂ ದರಿದ್ರ ಮರ, ಹಸೀ ಮರ ಕಡಿಯೋಕೆ ಪರ್ಮಿಷನ್ ಕೊಡಲ್ವಂತೆ, ಒಣಗಿದ್ರೆ ಕೊಡ್ತಾರಂತೆ — ಆಂಟಿ ವೇಲಾಂಕಣಿಗೆ ಹೋಗಿದ್ದಾಗ ನನ್ನ ಇಂಗಿನ ಡಬ್ಬಿ ಖಾಲಿ, ಎಲ್ಲಿ ಎಂದು ಕೇಳಿದರೆ ಇವರ ಕೈಯಲ್ಲಿ ಡ್ರಿಲ್ ಮಿಷನ್, ಸುಮ್ನಿರು, ನಿಂಗೊತ್ತಾಗಲ್ಲ, ಗೋಡೆಗೆ ಒರಗಿದ್ದ ಕಾಂಡದಲ್ಲಿ ಒಂದು ತೂತು, ಗುಂಡಗೆ, ಕಿರುಬೆರಳು ಹೋಗುವಷ್ಟು, ಒಳಗೆ ಇಂಗು, ತುಂಬಿದರೆ ಎಂಥ ಮರವೂ ಒಣಗುತ್ತದಂತೆ, ಮೇಲೆ ಮೇಣ, ಆಮೇಲೆ ಕೈ ತೊಳೆದುಕೊಂಡು ಸಂಧ್ಯಾವಂದನೆಗೆ ಕೂತ ಈ ಮನುಷ್ಯ, ಅದೇ ಕೈಯಲ್ಲಿ ಅರ್ಘ್ಯ.

ಎಲೆ ಹಳದಿಯಾಯಿತು, ಉದುರಿತು, ಕೊಂಬೆ ಬೋಳಾಯಿತು, ನಾನೇ ಸಾಯಿಸ್ಬುಟ್ಟೆ ಕಣಮ್ಮ, ಬಟ್ಟೆ ಒಗೆದ ಸೋಪಿನ ನೀರನ್ನೆಲ್ಲ ಬುಡಕ್ಕೇ ಬಿಡ್ತಿದ್ನಲ್ಲ, ಪಾದ್ರಿಗಳ ಹತ್ರ ಪಾಪನಿವೇದನೆ ಕೂಡ ಮಾಡ್ಕೊಂಡ್ ಬಂದೆ — ಆಂಟಿ ಅಳುತ್ತಿದ್ದರು, ಮಾಡದ ಪಾಪಕ್ಕೆ ಮಂಡಿಯೂರಿ ಬಂದಿದ್ದರು, ಇವರು ಪಕ್ಕದಲ್ಲೇ ಕಾಫಿ ಹೀರುತ್ತಾ, ಅಯ್ಯೋ ಬುಡಿ ಆಂಟಿ, ಅದರ ಆಯಸ್ಸೇ ಅಷ್ಟು, ನಾನು ಬಾಯಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿದೆ, ಮರ ಕಡಿಯುವ ರೇವಣಸಿದ್ದ ಬಂದು ಮಿಷನ್ನಿನಲ್ಲಿ ಕೊಯ್ದು ಕೊಡಲಿಯಲ್ಲಿ ಸೀಳಿದ, ಅರ್ಧ ಸೌದೆ ಆಂಟಿ ನಮಗೇ ಕೊಟ್ಟರು, ನಿಮ್ಮನೇಲಿ ಹಂಡೆ ಒಲೆ ಇದ್ಯಲ್ಲ, ನಮ್ಮವರ ಮರ ನಿಮಗಾದ್ರೂ ಬಿಸಿನೀರಿಗಾಗ್ಲಿ, ಇದೇನ್ರೀ ಇದ್ರಲ್ಲಿ ತೂತು ಎಂದು ದೂರದಿಂದಲೇ ತೋರಿಸಿದರೆ, ಮರಕುಟಿಗ ಆಂಟಿ, ಎಂದ ಈ ಮನುಷ್ಯ, ಕಣ್ಣು ಕೂಡ ಮಿಟುಕಿಸದೆ ಹಕ್ಕಿಯ ತಲೆಗೆ ಕಟ್ಟಿದ, ಹೌದಾ, ಪಾಪ, ಗೂಡಿತ್ತೇನೋ ಎಂದು ಆಂಟಿ ಮತ್ತೆ ಕಣ್ಣೊರೆಸಿಕೊಂಡರು.

ಎಣ್ಣೆ ಬಟ್ಟಲು ಹಿಡಿದು ಬಂದಿದ್ದೇನೆ, ಎದುರಿಗೆ ಆ ಬೆನ್ನು, ತಲೆಯ ಎಣ್ಣೆ ಇಳಿದು ಜಿಡ್ಡುಜಿಡ್ಡು, ಮುಟ್ಟಲಾರೆ, ಮುಟ್ಟಿದರೆ ನನ್ನ ಕೈಗೂ ಇಂಗು ಹತ್ತುತ್ತದೆ, ಒಲೆಯ ಬಾಯಿಂದ ಹೊರಗೆ ಚಾಚಿಕೊಂಡಿರುವುದು ಅದೇ ತುಂಡು, ಅದೇ ತೂತು, ಮೇಣ ಕರಗಿ ಒಳಗಿಂದ ಹೊಗೆ ಎಳೆಯೆಳೆಯಾಗಿ — ಎಳೆದೆ, ಚೊಂಬಿನ ನೀರು ಸುರಿದೆ, ಏಯ್ ಏನೇ ಮಾಡ್ತಿದ್ದೀಯಾ, ಎತ್ತಿಕೊಂಡು ಗೋಡೆಯ ಹತ್ತಿರ ನಡೆದೆ, ಆಂಟಿ ಬಟ್ಟೆ ಒಣಗಿಸುತ್ತಿದ್ದಾರೆ, ಯಾಕಮ್ಮ, ಸೌದೆ ಉರೀತಿಲ್ವಾ, ತೂತನ್ನು ಅವರ ಕಡೆ ತಿರುಗಿಸಿ ಹಿಡಿದೆ, ಅಷ್ಟೇ, ಅವರು ಕಿರುಬೆರಳು ಒಳಗೆ ಬಿಟ್ಟರು, ನಯವಾದ ಅಂಚಿನ ಸುತ್ತ ತಿರುಗಿಸಿದರು, ತೆಗೆದು ಮೂಗಿಗೆ ಹಿಡಿದರು — ನಿಮ್ ಸಾರಿನ ಘಮ ಗೋಡೆ ದಾಟಿ ಬರುತ್ತೆ ಕಣಮ್ಮ, ಇಂಗು ಅಂದ್ರೆ ನಿಮ್ಮನೇದು, ಎಷ್ಟು ಸಲ ಹೇಳಿದ್ದಾರೆ — ಬೆರಳು ಇಳಿಯುತ್ತಿಲ್ಲ, ನನ್ನ ಮುಖ ನೋಡುತ್ತಿಲ್ಲ, ನನ್ನ ಹಿಂದೆ ಎಣ್ಣೆ ಸುರಿಸಿಕೊಂಡು ಬಂದು ನಿಂತವನನ್ನೂ ನೋಡುತ್ತಿಲ್ಲ, ತೂತನ್ನೇ, ಗುಂಡಗೆ, ಕಿರುಬೆರಳು ಹೋಗುವಷ್ಟು, ಆ ತೂತನ್ನೇ —