ಟ್ರಿಗರ್ ಮೇಲಿನ ಬೆರಳು

ಗರಗಸ ಹಿಡಿದು ದುಡಿಯದವರು ಗರಗಸದವನ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಮರ ಕೊಯ್ಯುವ ಬ್ಯಾಟರಿ ಗರಗಸವನ್ನು ಕೆಳಗಿಡುವಾಗ ಬೆರಳು ಟ್ರಿಗರ್ ಒತ್ತಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬಿದ್ದ ಮರದ ಕೊಂಬೆ ಎಳೆಯಲು ಬಗ್ಗಿದ್ದ ಭಾವಮೈದುನನ ಅಂಗಿಯ ತೋಳು ಮೊಣಕೈವರೆಗೂ ಸೀಳಿ ಜೋತುಬಿತ್ತು. ಚರ್ಮಕ್ಕೆ ತಾಗಿರಲಿಲ್ಲ. ಇಬ್ಬರೂ ಆ ತೋಳನ್ನೇ ನೋಡುತ್ತ ನಿಂತರು.

"ನಿಲ್ಸಿದೀನಿ ಅಂದ್ರಲ್ಲ ಭಾವ?"

"ನಿಲ್ಸಿದ್ದೆ ಕಣೋ. ಬೆರಳು ಅಲ್ಲೇ ಉಳಿದಿತ್ತು."

ಹಳೆಯ ಪೆಟ್ರೋಲ್ ಗರಗಸ ಸುಮ್ಮನಿದ್ದಾಗಲೂ ಗುರುಗುಟ್ಟುತ್ತಿತ್ತು. ಯಾರೂ ಹತ್ತಿರ ಕೈ ಹಾಕುತ್ತಿರಲಿಲ್ಲ. ಈ ಬ್ಯಾಟರಿಯದ್ದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅದುರುವಿಕೆ ಬೆರಳಿನ ನರ ಕೆಡಿಸುತ್ತದೆಂದು ಪೆಟ್ರೋಲಿನದನ್ನು ಎಷ್ಟು ಹೊತ್ತು ಹಿಡಿದರೆಂದು ಹಾಳೆಯಲ್ಲಿ ಬರೆಯಬೇಕಿತ್ತು, ದಿನಕ್ಕೆ ಎರಡು ಗಂಟೆ ದಾಟುವಂತಿರಲಿಲ್ಲ. "ಇದು ನಡುಗೋದೇ ಇಲ್ಲ, ಹಾಳೆ ಯಾಕೆ?" ಎಂದಿದ್ದ ಮೇಸ್ತ್ರಿ. ಅಂದಿನಿಂದ ಇವನು ಬೆಳಗಿನಿಂದ ಸಂಜೆವರೆಗೂ ಅದನ್ನೇ ಹಿಡಿದಿದ್ದ.

ಗ್ಲೌಸ್ ಕಳಚಿದ. ನಾಲ್ಕು ಬೆರಳೂ ನಡುಗೆಣ್ಣಿನವರೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಭಾವಮೈದುನ ಒಂದನ್ನು ಬಲವಾಗಿ ಚಿವುಟಿದ.

"ಏನ್ಮಾಡ್ದೆ?" ಎಂದ ಇವನು, ಚಿವುಟಿದ್ದು ತಿಳಿಯದೆ ಅವನ ಮುಖ ನೋಡಿ.

"ಅಕ್ಕಂಗೆ ಗೊತ್ತಾ?"

"ಇಲ್ಲ. ಬೆಳಿಗ್ಗೆ ನನ್ ಅಂಗಿ ಗುಂಡಿ ಹಾಕೋದು ಅವಳೇ. ವಯಸ್ಸಾದ್ಮೇಲೆ ಮುದ್ದು ಜಾಸ್ತಿ ಆಯ್ತು ಅಂತ ಬಯ್ತಾಳೆ."

ಭಾವಮೈದುನ ನಗಲಿಲ್ಲ.

ಅಂದು ಮಧ್ಯಾಹ್ನವೇ ಆಫೀಸಿನ ಶೆಡ್ಡಿನಲ್ಲಿ ಕೆಲಸಗಾರರ ವರ್ಷದ ಆರೋಗ್ಯ ತಪಾಸಣೆ. ಬೆರಳಿನ ವಿಷಯ ಹೇಳಿದರೆ ಗರಗಸದ ಕೆಲಸ ಹೋಗುತ್ತದೆ. ಅದು ಬಿಟ್ಟರೆ ಉಳಿದದ್ದು ಗೇಟು ಕಾಯುವ ಕೆಲಸ; ಆ ಕುರ್ಚಿಯಲ್ಲಿ ಎರಡು ಬೆರಳು ಕಳೆದುಕೊಂಡ ಇನ್ನೊಬ್ಬ ಆಗಲೇ ಕೂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಇವನು ಬೇರೆ ಏನನ್ನೂ ಕಲಿತಿರಲಿಲ್ಲ.

ಸಾಲಿನಲ್ಲಿ ಹಿಂದೆ ನಿಂತ ಭಾವಮೈದುನ ಹರಿದ ತೋಳನ್ನು ಯಾರಿಗೂ ಕಾಣದಂತೆ ಮೇಲಕ್ಕೆ ಮಡಚಿಕೊಂಡಿದ್ದ. ಕಿವಿಯ ಹತ್ತಿರ ಬಂದು ಅಂದ: "ನಾನೇನೂ ಹೇಳಲ್ಲ ಭಾವ. ಮನೆ ನಡೀಬೇಕಲ್ಲ. ನಾಳೆನೂ ನಿಮ್ ಜೊತೆನೇ ಬರ್ತೀನಿ."

ಅವನು ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಬೆರಳು ಬೆಳ್ಳಗಾಗತ್ತಾ?" ನರ್ಸಮ್ಮ ತಲೆಯೆತ್ತದೆ ಕೇಳಿದಳು. ಹೋದ ವರ್ಷವೂ ಇದೇ ಪ್ರಶ್ನೆ. ಆಗ 'ಇಲ್ಲ' ಎಂಬುದು ತಾನಾಗಿಯೇ ನಾಲಿಗೆಗೆ ಬಂದಿತ್ತು.

"ಆಗತ್ತಮ್ಮ. ಬರ್ಕೊಳ್ಳಿ. ನನ್ ಕೈಗೆ ಗರಗಸ ಕೊಡ್ಬೇಡಿ ಅಂತನೂ ಬರೀರಿ."

ಅವಳು ಸಹಿಗೆಂದು ಪೆನ್ನು ಚಾಚಿದಳು. ಅದು ಬೆರಳ ನಡುವೆ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಕೊಂಡು, ಹೆಸರಿನ ಒಂದೊಂದೇ ಅಕ್ಷರ ಬರೆದ.

ಮರುದಿನ ಅವನಿಗೆ ಕೆಲಸ ಸಿಕ್ಕಿತೇ, ಆ ಬೆರಳುಗಳಿಗೆ ಸ್ಪರ್ಶ ಮರಳಿತೇ, ಗೊತ್ತಿಲ್ಲ.