ತೋಟದ ಅಂಗನವಾಡಿಯ ಟ್ಯಾಬ್

ಸರ್ಕಾರಿ ಕಚೇರಿಯಲ್ಲಿ ಯಂತ್ರ ಕೊಳ್ಳುವುದಕ್ಕೆ ಒಂದು ಹಳೆಯ ಪದ್ಧತಿಯಿದೆ. ಯಂತ್ರ ಹೇಗಿರಬೇಕೆಂಬುದನ್ನು ಮಾರುವ ಕಂಪನಿಯವನೇ ಬರೆದು ತರುತ್ತಾನೆ. ಕಚೇರಿಯವರು ಅದಕ್ಕೆ ತಮ್ಮ ಲೆಟರ್‌ಹೆಡ್ ತೊಡಿಸುತ್ತಾರೆ. ಮೈ ನೋಡದೆ ದರ್ಜಿಯೇ ಅಳತೆ ಬರೆದುಕೊಂಡ ಹಾಗೆ! ಅಥಣಿಯ ಒಂದು ಕಚೇರಿಯ ಗುಮಾಸ್ತೆ ನೀಲಮ ಹನ್ನೊಂದು ವರ್ಷದಿಂದ ಹೀಗೇ ತೊಡಿಸುತ್ತ ಬಂದವಳು. ಪಾಪ, ಬೇರೆ ದಾರಿಯಿದೆಯೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಆ ಸೋಮವಾರ ಅವಳ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ಅಂಗನವಾಡಿಗಳಿಗೆ ಹೊಸ ಟ್ಯಾಬ್ ಕೊಳ್ಳಲು ಕಂಪನಿಯವನು ಬರೆದುಕೊಟ್ಟ ಟೆಂಡರ್ ಕರಡು. ಇನ್ನೊಂದು, ಕೊಕಟನೂರಿನಾಚೆ ಕಬ್ಬಿನ ತೋಟದ ಅಂಗನವಾಡಿ ನಡೆಸುವ ಮೆಹರುಬಿಗೆ ಮೂರನೆಯ ನೋಟಿಸು. ಮಕ್ಕಳ ತೂಕದ ಮಾಹಿತಿ ಬರುತ್ತಿಲ್ಲವೆಂದು ಮೊದಲೆರಡನ್ನೂ ನೀಲಮಳೇ ಟೈಪ್ ಮಾಡಿದ್ದಳು. ಮೂರನೆಯದು ಹೋದರೆ ಮೆಹರುಬಿಯ ಕೆಲಸವೂ ಹೋದಂತೆ.

ಮಧ್ಯಾಹ್ನ ಮೆಹರುಬಿ ತಾನೇ ಬಂದಳು. ಐವತ್ತು ದಾಟಿದ ಹೆಂಗಸು, ಕಂಕುಳಲ್ಲಿ ದಪ್ಪ ನೋಟ್‌ಬುಕ್.

“ಬಾಯಾರ, ತೂಕ ಮಾಡೇನ್ರಿ, ಇಲ್ಲಿ ನೋಡ್ರಿ. ನಮ್ಮ ತ್ವಾಟದಾಗ ರೇಂಜ್ ಇಲ್ರಿ. ಫೋನಿನ್ಯಾಗ ಹಾಕಿದ್ದೆಲ್ಲಾ ಅಳಿಸಿ ಹೊಕ್ಕೈತಿ.”

ನೀಲಮ ಪುಟ ತಿರುವಿದಳು. ಕಬ್ಬಿನ ಹಂಗಾಮು ಶುರುವಾದಾಗಿನಿಂದ ತಿಂಗಳು ತಪ್ಪದೆ ನಲವತ್ತಾರು ಮಕ್ಕಳ ತೂಕ. ಕಚೇರಿಯ ಕಂಪ್ಯೂಟರಿನಲ್ಲಿದ್ದದ್ದು ಮೂವತ್ತೊಂದೇ ಹೆಸರು.

“ಚಾಚಿ, ಈ ಹದಿನೈದು ಯಾರ್ವು?”

“ಮಹಾರಾಷ್ಟ್ರದ ಬೀಡ ಕಡಿಂದ ಕಬ್ಬು ಕಡ್ಯಾಕ ಬಂದವರ ಮಕ್ಳರಿ. ನಿಮ್ಮ ಯಾದ್ಯಾಗ ಇಲ್ಲ ಅಂತ ಹಸದ ಕುಂದರಸ್ಲೇನ್ರಿ?”

ನೀಲಮಳಿಗೆ ನಾಚಿಕೆಯಾಯಿತು. ಮೂರನೆಯ ನೋಟಿಸನ್ನು ಡ್ರಾಯರಿಗೆ ತಳ್ಳಿ, ಕುರ್ಚಿ ಎಳೆದು ಮೆಹರುಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕಂಪನಿಯ ಕರಡನ್ನು ಬದಿಗಿಟ್ಟು ಇಬ್ಬರೂ ಹೊಸದಾಗಿ ಬರೆದರು. ರೇಂಜ್ ಇಲ್ಲದೆಯೂ ಎಂಟು ದಿನದ ಮಾಹಿತಿ ಉಳಿಯಬೇಕು. ಬಿಸಿಲಿನಲ್ಲೂ ಅಕ್ಷರ ಕಾಣಬೇಕು. ಹೊಸ ಮಗು ಬಂದರೆ ಕಾರ್ಯಕರ್ತೆಯೇ ಹೆಸರು ಸೇರಿಸುವಂತಿರಬೇಕು.

“ಕಂಪನಿಯವ ನಡುವ ಬಿಟ್ಟು ಹ್ವಾದ್ರ?” ಎಂದಳು ಮೆಹರುಬಿ. “ಲಗ್ನ ಮುರದ್ರ ಹಾಕಿದ ಬಂಗಾರ ತಿರಗಿ ತರ್ತೀವಿಲ್ರಿ? ಹಂಗ ನಮ್ಮ ಮಕ್ಳ ಮಾಹಿತಿ ತಿರಗಿ ಬರಬೇಕ್ರಿ.”

ನೀಲಮ ಅದನ್ನೂ ಬರೆದಳು. ಇಷ್ಟು ಜಾಣ ಷರತ್ತು ಆ ಕಚೇರಿಯಿಂದ ಹಿಂದೆಂದೂ ಹೊರಟಿರಲಿಲ್ಲ.

“ಡೆಮೊ ಆಫೀಸಿನ್ಯಾಗ ಬ್ಯಾಡ್ರಿ ಸಾಹೇಬ್ರ, ತ್ವಾಟದಾಗ ಇಡೂನು,” ಎಂದು ನೀಲಮ ಹೊಸ ಕರಡನ್ನು ಮುಂದಿಟ್ಟಾಗ ಮೇಲಧಿಕಾರಿ ಸಂಜಯ ಸಾಹೇಬರು ಕನ್ನಡಕ ತೆಗೆದರು.

“ಇಪ್ಪತ್ತು ವರ್ಷದಾಗ ಹಿಂಗ ಅಂದವರನ್ನ ನಾ ನೋಡಿಲ್ಲವಾ. ಆತು, ಇಡ್ರಿ. ತಪ್ಪಾದ್ರ ಇಬ್ಬರೂ ಕೂಡೇ ಬೈಸಿಕೊಳ್ಳೂನು.”

ಎರಡು ಕಂಪನಿಯವರು ಬಂದರು. ಕಚೇರಿಯ ಫ್ಯಾನಿನ ಕೆಳಗೆ ಕುದುರೆಯಂತೆ ಓಡುವ ಮೊದಲನೆಯವನ ಟ್ಯಾಬ್ ತೋಟದಲ್ಲಿ ಗರ ಬಡಿದಂತೆ ನಿಂತಿತು. ಅವನು ಕಬ್ಬಿನ ಟ್ರೇಲರ್ ಹತ್ತಿ ಅದನ್ನು ಆಕಾಶಕ್ಕೆ ಹಿಡಿದ. ಕಬ್ಬು ಕಡಿಯುವ ಹೆಂಗಸರು ಕಡಿಯುವುದು ಬಿಟ್ಟು ನಕ್ಕರು. ಎರಡನೆಯವನದು ತಕರಾರಿಲ್ಲದೆ ನಡೆಯಿತು.

ಹೊಸ ಟ್ಯಾಬ್ ಬಂದ ವಾರಕ್ಕೆ ಮೆಹರುಬಿ ಅದನ್ನು ಕೊಕಟನೂರಿನವರೆಗೆ ಒಯ್ದು ರೇಂಜಿಗೆ ಹಿಡಿದಳು. ಅಥಣಿಯ ಕಂಪ್ಯೂಟರಿನಲ್ಲಿ ಮೂವತ್ತೊಂದು ನಲವತ್ತಾರಾಯಿತು. ಹದಿನೈದು ಮಕ್ಕಳಿಗೂ ಆಹಾರ ಮಂಜೂರಾಯಿತು. ಸಾಹೇಬರು ನೋಟಿಸುಗಳನ್ನು ರದ್ದು ಮಾಡಿದರು. ಆದೇಶವನ್ನು ಟಪಾಲಿಗೆ ಹಾಕಲು ಮನಸ್ಸಾಗದೆ ನೀಲಮ ತಾನೇ ಬಸ್ಸು ಹತ್ತಿ ಒಯ್ದಳು.

ಮೆಹರುಬಿ ಓದಿ ಕಣ್ಣಿಗೊತ್ತಿಕೊಂಡಳು. “ನಿಮ್ಮ ಉಪಕಾರ ಹೆಂಗ ತೀರ್ಸಲ್ರಿ, ಬಾಯಾರ?”

“ಉಪಕಾರ ನಿಮ್ದು, ಚಾಚಿ. ನನಗ ಕೆಲಸ ಕಲಿಸಿದವರು ನೀವು.” ನೀಲಮ ತಲೆ ತಗ್ಗಿಸಿದಳು. “ಆ ಎರಡೂ ನೋಟಿಸ್ ಟೈಪ್ ಮಾಡಿದಾಕಿ ನಾನ ರೀ.”

“ಗೊತ್ತಿತ್ರಿ,” ಎಂದು ಮೆಹರುಬಿ ನಕ್ಕಳು. “ಅದಕ್ಕ ಅವತ್ತ ಸಾಹೇಬರ ಕಡೆ ಹೋಗದ ನಿಮ್ಮ ಕಡೆ ಬಂದೆ. ನೋಟಿಸ್ ಬರೆದ ಕೈಗೆ ಅದನ್ನ ಕಾಟು ಹೊಡ್ಯಾಕೂ ಬರ್ತೈತಿ ಅಂದಕೊಂಡೆ.”

ನೀಲಮ ಬಾಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.